ಸ್ಪೀಕರ್ ತಂತಿ

ಸ್ಪೀಕರ್ ತಂತಿ ಎಂದರೆ ಆಂಪ್ಲಿಫೈಯರಿನಿಂದ ಹೊರಡುವ ವಿದ್ಯುತ್ ಸಂಕೇತವನ್ನು ಧ್ವನಿವರ್ಧಕಕ್ಕೆ ತಲುಪಿಸುವ, ಎರಡು ವಾಹಕಗಳುಳ್ಳ ತಂತಿ. ಸ್ಪೀಕರ್ ಕೇಬಲ್, ಸ್ಪೀಕರ್ ವೈರ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಮನೆಯ ಸ್ಟೀರಿಯೊ ವ್ಯವಸ್ಥೆಯಲ್ಲಿ ಸಾಮಾನ್ಯ ತಂತಿಯನ್ನು ತೆಗೆದು ಬೆಲೆಬಾಳುವ ತಂತಿಯನ್ನು ಹಾಕಿದರೆ ಸಂಗೀತ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಯೇ ಎಂಬುದು ಹಲವು ದಶಕಗಳಿಂದ ನಡೆದುಬಂದಿರುವ ವಿವಾದ. ತಂತಿಯ ದಪ್ಪವು ಅದರ ಉದ್ದಕ್ಕೆ ತಕ್ಕಷ್ಟಿದ್ದು ಜೋಡಣೆ ಬಿಗಿಯಾಗಿದ್ದಲ್ಲಿ, ಅದಕ್ಕಿಂತ ಹೆಚ್ಚು ಬೆಲೆ ತೆರುವುದರಿಂದ ಕಿವಿಗೆ ತಿಳಿಯುವಂತಹ ಸುಧಾರಣೆ ಆಗುವುದಿಲ್ಲವೆಂಬುದನ್ನು ಅಳತೆಗಳೂ ನಿಯಂತ್ರಿತ ಪರೀಕ್ಷೆಗಳೂ ಸೂಚಿಸುತ್ತವೆ. ಆದರೆ ತಂತಿಯಿಂದ ಯಾವ ವ್ಯತ್ಯಾಸವೂ ಇಲ್ಲವೆಂಬ ಮಾತೂ ಸರಿಯಲ್ಲ. ತೀರ ತೆಳುವಾದ ತಂತಿ, ಅತಿ ಉದ್ದವಾದ ತಂತಿ, ಕಿಲುಬು ಹಿಡಿದ ತುದಿ ಇವು ಧ್ವನಿಯನ್ನು ನಿಜಕ್ಕೂ ಕೆಡಿಸುತ್ತವೆ.

ಹಿನ್ನೆಲೆ

1970ರ ದಶಕದವರೆಗೆ ಸ್ಪೀಕರ್ ತಂತಿಯನ್ನು ಕುರಿತು ಯಾರೂ ಹೆಚ್ಚಾಗಿ ಚಿಂತಿಸಿರಲಿಲ್ಲ. ಮೇಜಿನ ದೀಪಕ್ಕೆ ಬಳಸುವ ಜೋಡಿ ತಂತಿಯನ್ನೇ ಸ್ಪೀಕರಿಗೂ ಬಳಸುತ್ತಿದ್ದರು. ಆ ದಶಕದ ಕೊನೆಯಲ್ಲಿ ಅಮೆರಿಕದ ನೋಯೆಲ್ ಲೀ ಎಂಬುವರು ದಪ್ಪ ತಾಮ್ರದ ಎಳೆಗಳ ತಂತಿಯನ್ನು ‘ಮಾನ್‌ಸ್ಟರ್ ಕೇಬಲ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ತಂತಿಯೂ ಸ್ವತಂತ್ರವಾದ ಒಂದು ಸರಕಾಗಿ, ಜಾಹೀರಾತಿನ ವಸ್ತುವಾಗಿ ಬೆಳೆದದ್ದು ಅಲ್ಲಿಂದ ಮುಂದೆ. ಬೆಳ್ಳಿಯ ತಂತಿ, ಆಮ್ಲಜನಕರಹಿತ ತಾಮ್ರದ ತಂತಿ, ನೆಲಕ್ಕೆ ತಾಗದಂತೆ ತಂತಿಯನ್ನು ಎತ್ತಿಹಿಡಿಯುವ ಪುಟ್ಟ ಕಂಬಗಳು ಇವೆಲ್ಲ ಒಂದರ ಹಿಂದೊಂದು ಬಂದವು.

ರೋಧದ ಲೆಕ್ಕ

ಸ್ಪೀಕರ್ ತಂತಿಯ ಗುಣಗಳಲ್ಲಿ ಮುಖ್ಯವಾದುದು ಅದರ ರೋಧ. 1 ಚದರ ಮಿಲಿಮೀಟರ್ ಅಡ್ಡಕೊಯ್ತದ, 1 ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.017 ಓಮ್. ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ, ದಪ್ಪ ಹೆಚ್ಚಿದಂತೆ ಕಡಿಮೆಯಾಗುತ್ತದೆ. ವಿದ್ಯುತ್ತು ಹೋಗಿ ಮರಳಿ ಬರಬೇಕಾದುದರಿಂದ, ಸ್ಪೀಕರ್ 5 ಮೀಟರ್ ದೂರದಲ್ಲಿದ್ದರೆ 10 ಮೀಟರ್ ತಂತಿಯ ಲೆಕ್ಕ ಹಿಡಿಯಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 1.5 ಚದರ ಮಿಲಿಮೀಟರ್ ತಂತಿಯಲ್ಲಿ ಇದು ಸುಮಾರು 0.12 ಓಮ್. 8 ಓಮ್ ಸ್ಪೀಕರಿನ ಎದುರಿಗೆ ಇದರಿಂದಾಗುವ ನಷ್ಟ 0.13 ಡೆಸಿಬೆಲ್ ಮಾತ್ರ. ಸಾಧಾರಣವಾಗಿ 1 ಡೆಸಿಬೆಲ್‌ನಷ್ಟು ಏರಿಳಿತವಾದರೆ ಮಾತ್ರ ಕೇಳುಗನ ಗಮನಕ್ಕೆ ಬರುತ್ತದೆ ಎಂಬುದನ್ನು ನೆನೆದರೆ ಈ ನಷ್ಟ ಎಷ್ಟು ಅಲ್ಪವೆಂಬುದು ತಿಳಿಯುತ್ತದೆ.

ಅಗ್ಗದ ಸೆಟ್ಟುಗಳ ಜೊತೆಗೆ ಬರುವ, ಕೂದಲೆಳೆಯಂತಹ ತಂತಿಯ ಸಂಗತಿ ಬೇರೆ. 0.2 ಚದರ ಮಿಲಿಮೀಟರಿನ ಅಂತಹ ತಂತಿಯಲ್ಲಿ ಅದೇ ದೂರಕ್ಕೆ 0.86 ಓಮ್ ರೋಧವಿರುತ್ತದೆ. ಇಲ್ಲಿ ಶಬ್ದ ತಗ್ಗುವುದಷ್ಟೇ ಆಗಿದ್ದರೆ ಗುಂಡಿಯನ್ನು ಸ್ವಲ್ಪ ತಿರುಗಿಸಿ ಸರಿಪಡಿಸಬಹುದಾಗಿತ್ತು. ಆದರೆ ಸ್ಪೀಕರಿನ ಬೆನ್ನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ಇಂಪೀಡನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಒಂದು ಸ್ವರಕ್ಕೆ 5 ಓಮಿಗೆ ಇಳಿಯುವ ಸ್ಪೀಕರು, ಮಂದ್ರದ ಅನುರಣನದ ಬಳಿ 30 ಓಮಿಗೂ ಏರಬಹುದು. ಅಂತಹ ಸ್ಪೀಕರಿಗೆ ಈ ತೆಳು ತಂತಿಯನ್ನು ಕಟ್ಟಿದರೆ ಒಂದು ಕಡೆ 1.4 ಡೆಸಿಬೆಲ್, ಇನ್ನೊಂದು ಕಡೆ ಕಾಲು ಡೆಸಿಬೆಲ್ ನಷ್ಟವಾಗಿ, ಸ್ವರಗಳ ನಡುವಣ ತೂಕವೇ ಬದಲಾಗುತ್ತದೆ. ಮೃದಂಗದ ತೊಪ್ಪಿಯ ನಾದ ಹಾಡುಗಾರರ ಕಂಠಕ್ಕಿಂತ ಮುಂದೆ ಬಂದಂತೆ ತೋರುವುದು ಇಂತಹ ಸಂದರ್ಭದಲ್ಲಿಯೇ. 1.5 ಚದರ ಮಿಲಿಮೀಟರ್ ತಂತಿಯಲ್ಲಿ ಈ ಅಂತರ 0.2 ಡೆಸಿಬೆಲ್ ಸಹ ಆಗುವುದಿಲ್ಲ.

ಆದ್ದರಿಂದ ತಂತಿಯ ಒಟ್ಟು ರೋಧ ಸ್ಪೀಕರಿನ ಇಂಪೀಡನ್ಸಿನ ಶೇಕಡ 5ನ್ನು ಮೀರಬಾರದೆಂಬ ಸರಳ ನಿಯಮ ರೂಢಿಯಲ್ಲಿದೆ. ಇದರಂತೆ 8 ಓಮ್ ಸ್ಪೀಕರಿಗೆ 0.75 ಚದರ ಮಿಲಿಮೀಟರ್ ತಂತಿ ಸುಮಾರು 8 ಮೀಟರ್ ದೂರದವರೆಗೂ, 1.5ರ ತಂತಿ 17 ಮೀಟರ್ ದೂರದವರೆಗೂ ಸಾಕು. 4 ಓಮ್ ಸ್ಪೀಕರಾದರೆ ದೂರ ಅರ್ಧಕ್ಕಿಳಿಯುತ್ತದೆ. ನಮ್ಮ ಮನೆಗಳ ನಡುಮನೆ ಎಷ್ಟೇ ದೊಡ್ಡದಿದ್ದರೂ ಈ ಮಿತಿಯೊಳಗೇ ಇರುತ್ತದೆ.

ಹೆಚ್ಚಿನ ಆವೃತ್ತಿಯ ವಿದ್ಯುತ್ತು ತಂತಿಯ ಹೊರಮೈಯಲ್ಲಿ ಮಾತ್ರ ಹರಿಯುತ್ತದೆಂಬುದು ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ವಾದ. ಇದು ಸುಳ್ಳಲ್ಲ, ಆದರೆ ಇಲ್ಲಿಗೆ ಅಷ್ಟಾಗಿ ಅನ್ವಯಿಸುವುದೂ ಇಲ್ಲ. ಮನುಷ್ಯನ ಕಿವಿ ಕೇಳುವ ಎತ್ತರದ ಮಿತಿಯಾದ 20,000 ಹರ್ಟ್ಸಿನಲ್ಲಿಯೂ ತಾಮ್ರದಲ್ಲಿ ಈ ಪದರದ ಆಳ ಸುಮಾರು 0.46 ಮಿಲಿಮೀಟರ್ ಇರುತ್ತದೆ. ಮನೆಯ ತಂತಿಗಳ ದಪ್ಪಕ್ಕೆ ಇದರಿಂದಾಗುವ ವ್ಯತ್ಯಾಸ ಗಣನೆಗೆ ಬಾರದಷ್ಟು.

ಜಾತ್ರೆಯ ಮೈಕ್ ಸೆಟ್

ತಂತಿಯ ರೋಧ ಎಂತಹ ಪೆಟ್ಟು ಕೊಡಬಲ್ಲದೆಂಬುದು ಮನೆಗಿಂತ ಬಯಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಂತಹ ಜನಜಂಗುಳಿಯ ಸ್ಥಳದಲ್ಲಿಯೋ, ಪಾವಗಡ, ಸಿರಾ ಕಡೆಯ ಹಳ್ಳಿಗಳಲ್ಲಿ ಇರುಳಿಡೀ ನಡೆಯುವ ಮೂಡಲಪಾಯದ ಆಟದಲ್ಲಿಯೋ ಆಂಪ್ಲಿಫೈಯರಿಗೂ ಕಂಬದ ಮೇಲಿನ ಹಾರನ್‌ಗೂ ನಡುವೆ 200 ಮೀಟರ್ ದೂರವಿರುವುದು ಅಪರೂಪವಲ್ಲ. 0.75 ಚದರ ಮಿಲಿಮೀಟರ್ ತಂತಿಯನ್ನು ಅಷ್ಟು ದೂರ ಎಳೆದರೆ ಹೋಗಿ ಬರುವ ದಾರಿಯ ರೋಧ 9 ಓಮ್ ದಾಟುತ್ತದೆ. ಕಂಬದ ಮೇಲೆ 8 ಓಮಿನ ಹಾರನ್ ನೇರವಾಗಿ ಕಟ್ಟಿದ್ದರೆ, ಕಳುಹಿಸಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತಂತಿಯನ್ನು ಕಾಯಿಸುವುದಕ್ಕೇ ವ್ಯಯವಾಗುತ್ತದೆ. ಭಾಗವತರ ಪದ ಹಿಂದೆ ಕುಳಿತವರಿಗೆ ಮುಟ್ಟುವುದಿಲ್ಲ.

ಮೈಕ್ ಸೆಟ್ಟಿನವರು ಇದಕ್ಕೆ ಕಂಡುಕೊಂಡ ಪರಿಹಾರ ದುಬಾರಿ ತಂತಿಯಲ್ಲ. ಸಾರ್ವಜನಿಕ ಸಭೆಗಳಿಗಾಗಿ ತಯಾರಾದ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ 4, 8, 16 ಓಮ್‌ಗಳ ತಿರುಪುಗಳ ಜೊತೆಗೆ 100 ವೋಲ್ಟಿನದೊಂದು ತಿರುಪೂ ಇರುವುದು ವಾಡಿಕೆ. ಸಂಕೇತವನ್ನು ಹೆಚ್ಚಿನ ವೋಲ್ಟಿನಲ್ಲಿ ಕಳುಹಿಸಿ, ಹಾರನ್‌ನ ಬಳಿ ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವುದು ಇದರ ಕ್ರಮ. ಆಗ 30 ವಾಟಿನ ಹಾರನ್ ತಂತಿಗೆ 333 ಓಮ್ ಹೊರೆಯಾಗಿ ಕಾಣುತ್ತದೆ. ಅದೇ 9 ಓಮ್ ತಂತಿಯಲ್ಲಿ ಈಗ ಸೋರಿಹೋಗುವುದು ಶೇಕಡ 3ಕ್ಕಿಂತ ಕಡಿಮೆ. ದೂರದ ಊರಿಗೆ ವಿದ್ಯುತ್ತನ್ನು ಎತ್ತರದ ವೋಲ್ಟಿನಲ್ಲಿ ಸಾಗಿಸುವುದರ ಹಿಂದಿರುವ ತತ್ತ್ವವೂ ಇದೇ. ಜಾತ್ರೆಯ ಬಯಲಿನಲ್ಲಿ ಮೈಕ್ ಕಟ್ಟುವವನಿಗೆ ತಿಳಿದಿರುವ ಈ ಲೆಕ್ಕ, ಪಟ್ಟಣದ ಶೋರೂಮಿನಲ್ಲಿ 3 ಮೀಟರ್ ತಂತಿಗೆ ಸಾವಿರಾರು ರೂಪಾಯಿ ತೆರುವವನಿಗೆ ತಿಳಿಯದೆ ಹೋಗುವುದು ವಿಚಿತ್ರ.

ಕೇಳಿಕೆಯ ಪರೀಕ್ಷೆಗಳು

1983ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಅವರು ನಡೆಸಿದ ಪರೀಕ್ಷೆಯ ವಿವರ ಪ್ರಕಟವಾಯಿತು. ಮಾನ್‌ಸ್ಟರ್ ಕೇಬಲ್, ದೀಪದ ತಂತಿಯಷ್ಟು ದಪ್ಪವಿದ್ದ 16 ಗೇಜಿನ ತಂತಿ ಮತ್ತು ತೀರ ತೆಳುವಾದ 24 ಗೇಜಿನ ತಂತಿಗಳನ್ನು ಯಾವುದು ಯಾವುದೆಂದು ಹೇಳದೆ ಕೇಳಿಸಲಾಯಿತು. 24 ಗೇಜೆಂದರೆ ಮೇಲೆ ಹೇಳಿದ 0.2 ಚದರ ಮಿಲಿಮೀಟರಿನ ತಂತಿಯೇ. ಸುಯ್ಯೆನ್ನುವ ಪರೀಕ್ಷಾ ಶಬ್ದದಲ್ಲಿ ತೆಳು ತಂತಿಯನ್ನು ಕೇಳುಗರು ಗುರುತಿಸಿದರು. ಸಂಗೀತವನ್ನು ನುಡಿಸಿದಾಗ 16 ಗೇಜಿನ ಸಾಮಾನ್ಯ ತಂತಿಗೂ ಮಾನ್‌ಸ್ಟರ್ ಕೇಬಲಿಗೂ ವ್ಯತ್ಯಾಸ ಹೇಳಲು ಅವರಿಂದಾಗಲಿಲ್ಲ. 1991ರಲ್ಲಿ ಫ್ರೆಡ್ ಡೇವಿಸ್ ಅವರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ತಂತಿ, ಸ್ಪೀಕರ್, ಆಂಪ್ಲಿಫೈಯರುಗಳು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಅಳೆದು ಬರೆದರು. ರೋಧವೂ ಇಂಡಕ್ಟೆನ್ಸೂ ಕಡಿಮೆಯಿರುವ ತಂತಿ ಒಳ್ಳೆಯದೆಂಬುದು ಅಲ್ಲಿಯ ನಿಲುವು. 2007ರಲ್ಲಿ ಜೇಮ್ಸ್ ರ‍್ಯಾಂಡಿ ಅವರು, 7,250 ಡಾಲರ್ ಬೆಲೆಯ ಪೇರ್ ಸಂಸ್ಥೆಯ ತಂತಿಯನ್ನು ಸಾಮಾನ್ಯ ತಂತಿಯಿಂದ ಕಿವಿಯ ಮೂಲಕವೇ ಬೇರ್ಪಡಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಆ ಪರೀಕ್ಷೆ ಕಡೆಗೂ ನಡೆಯಲಿಲ್ಲ.

ಹೆಸರು ಮರೆಮಾಡಿ ಪರೀಕ್ಷಿಸಬೇಕಾದುದೇಕೆ ಎಂಬುದನ್ನು ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದವರಿಗೆ ವಿವರಿಸಬೇಕಾಗಿಲ್ಲ. ತಿದ್ದುವವರು ಅಪ್ರಾಮಾಣಿಕರೆಂದು ಅಲ್ಲಿ ಹೆಸರು ಮುಚ್ಚುವುದಿಲ್ಲ. ಪ್ರಾಮಾಣಿಕರ ಕಣ್ಣೂ ಹೆಸರಿಗೆ ಒಲಿಯುತ್ತದೆಂದು ಮುಚ್ಚುತ್ತಾರೆ. ಹೊಸ ತಂತಿ ಹಾಕಿದ ಮೇಲೆ ವೀಣೆಯ ಮೀಟು ಸ್ಪಷ್ಟವಾಯಿತೆನ್ನುವ ಕೇಳುಗ ಸುಳ್ಳು ಹೇಳುತ್ತಿರುವುದಿಲ್ಲ. ಬೆಲೆ, ನಿರೀಕ್ಷೆ, ಮೊದಲಿಗಿಂತ ಹೆಚ್ಚಿನ ಗಮನ ಇವು ಅವನ ಅನುಭವದೊಳಗೇ ಸೇರಿರುತ್ತವೆ. ಇದಲ್ಲದೆ, ಎರಡರಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆಯೆಂದು ಕಿವಿ ತೀರ್ಮಾನಿಸುತ್ತದೆ. ಆದುದರಿಂದ ಹೋಲಿಸುವ ಮುನ್ನ ಎರಡರ ಶಬ್ದಮಟ್ಟವನ್ನೂ ಅಳೆದು ಸಮಮಾಡಿಕೊಳ್ಳಬೇಕು.

ತಂತಿ ಬದಲಿಸಿದಾಗ ನಿಜವಾಗಿಯೂ ಸುಧಾರಿಸುವುದುಂಟು. ಹಳೆಯ ತಂತಿಯ ತುದಿ ಕಿಲುಬು ಹಿಡಿದಿದ್ದು ಹೊಸದಾಗಿ ಸುಲಿದು ಬಿಗಿದಾಗ ಸಂಪರ್ಕ ಸರಿಹೋಗುತ್ತದೆ. ಎರಡು ಸ್ಪೀಕರುಗಳಲ್ಲಿ ಒಂದರ ಧನ, ಋಣ ತುದಿಗಳು ಅದಲುಬದಲಾಗಿದ್ದರೆ ಮಂದ್ರಸ್ವರ ಪರಸ್ಪರ ಅಳಿದು ಧ್ವನಿ ಬಡಕಲಾಗಿರುತ್ತದೆ. ಹೊಸ ತಂತಿಯನ್ನು ಗುರುತು ನೋಡಿ ಕಟ್ಟಿದಾಗ ಮೈತುಂಬಿಕೊಳ್ಳುತ್ತದೆ. ಕೀರ್ತಿ ಹೊಸ ತಂತಿಗೆ ಸಲ್ಲುತ್ತದೆಯಾದರೂ ಕೆಲಸ ಮಾಡಿದ್ದು ಚಾಕು ಮತ್ತು ತಿರುಪುಳಿ.

ಇತರ ತಂತಿಗಳು

ಸಿ.ಡಿ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯಲ್ಲಿ ವಿದ್ಯುತ್ ಪ್ರವಾಹ ಅತ್ಯಲ್ಪವಾದುದರಿಂದ ರೋಧ ಮುಖ್ಯವಲ್ಲ. ಹೊರಗಿನ ಗದ್ದಲ ಒಳನುಗ್ಗದಂತೆ ಸುತ್ತಲೂ ಲೋಹದ ಜಾಲರಿ ಇರಬೇಕು. ಗ್ರಾಮಾಫೋನ್ ತಟ್ಟೆಯ ಟರ್ನ್‌ಟೇಬಲ್ ಇದಕ್ಕೆ ಒಂದು ಅಪವಾದ. ಅಲ್ಲಿ ಬಳಸುವ ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್ಜುಗಳಿಗೆ ತಂತಿಯ ಕೆಪಾಸಿಟೆನ್ಸ್ ತಾಗುತ್ತದೆ. ತಂತಿ ಬೇಕಿಲ್ಲದಷ್ಟು ಉದ್ದವಾದರೆ ತಾರಸ್ವರಗಳ ಸ್ವರೂಪ ಬದಲಾಗುತ್ತದೆ. ಎಚ್.ಡಿ.ಎಂ.ಐ., ಆಪ್ಟಿಕಲ್ ಮುಂತಾದ ಡಿಜಿಟಲ್ ತಂತಿಗಳಲ್ಲಿ ಹಾದುಹೋಗುವುದು ಅಂಕಿಗಳು. ತಂತಿ ಕೆಟ್ಟರೆ ಧ್ವನಿ ತುಂಡಾಗುತ್ತದೆ ಅಥವಾ ನಿಲ್ಲುತ್ತದೆ, ಮಸುಕಾಗುವುದಿಲ್ಲ.

ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟಿನ ತಂತಿಗೂ ವಿಶೇಷ ಬೆಲೆಯ ಸರಕುಗಳಿವೆ. ಕಂಬದಿಂದ ಮನೆಯವರೆಗೂ, ಗೋಡೆಯೊಳಗೂ ಸಾಮಾನ್ಯ ತಂತಿಯೇ ಇರುವಾಗ ಕೊನೆಯ ಒಂದು ಮೀಟರ್ ಬದಲಿಸುವುದರಿಂದ ಏನು ಸಾಧಿಸಬಹುದೆಂಬ ಪ್ರಶ್ನೆಗೆ ಮಾರುವವರಲ್ಲಿ ತೃಪ್ತಿಕರವಾದ ಉತ್ತರವಿಲ್ಲ. ಸ್ಪೀಕರಿನಲ್ಲಿ ಸದಾ ಕೇಳುವ ಗುಂಯ್ ಶಬ್ದಕ್ಕೆ ಹಲವೊಮ್ಮೆ ಕಾರಣ ಅರ್ತಿಂಗಿನ ದೋಷ, ಇಲ್ಲವೇ ಎರಡು ಉಪಕರಣಗಳು ಎರಡು ಬೇರೆ ಪ್ಲಗ್ಗುಗಳ ಅರ್ತ್ ಹಿಡಿದಿರುವುದು. ಎರಡನ್ನೂ ಒಂದೇ ಪ್ಲಗ್ ಪಟ್ಟಿಗೆ ಸೇರಿಸಿದರೆ ಎಷ್ಟೋ ವೇಳೆ ಅದು ನಿಲ್ಲುತ್ತದೆ. ಪಾವಗಡದಂತಹ ಮಳೆ ಕಡಿಮೆಯಾದ ಸೀಮೆಯಲ್ಲಿ ಬೇಸಿಗೆಗೆ ನೆಲ ಒಣಗಿ ಮಣ್ಣಿನ ರೋಧ ಏರುವುದರಿಂದ, ಇದ್ದಿಲು ಮತ್ತು ಉಪ್ಪು ತುಂಬಿದ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹುಯ್ಯುವುದು ಅವಶ್ಯ. ಗುಂಯ್ ಶಬ್ದ ನಿಲ್ಲಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ಪ್ರಾಣಾಪಾಯಕರ.

ಕೊಳ್ಳುವಾಗ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸ್ಪೀಕರ್ ತಂತಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮನೆಯ ವೈರಿಂಗಿಗೆ ಸುರುಳಿಯಾಗಿ ಮಾರುವ, ಐ.ಎಸ್. 694 ಗುರುತುಳ್ಳ ಎಳೆಗಳ ತಾಮ್ರದ ತಂತಿಯನ್ನು ಎರಡೆರಡಾಗಿ ಹೆಣೆದು ಬಳಸಿದರೂ ಕೊರತೆಯಿಲ್ಲ. ಎಚ್ಚರವಹಿಸಬೇಕಾದುದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ವಿಷಯದಲ್ಲಿ. ಇದು ನೋಡಲು ಕೆಂಪಗಿದ್ದು ತಾಮ್ರದಂತೆಯೇ ಕಾಣುತ್ತದೆ, ರೋಧ ಮಾತ್ರ ಒಂದೂವರೆ ಪಟ್ಟಿಗೂ ಮಿಗಿಲು. ಕೈಯಲ್ಲಿ ಹಿಡಿದರೆ ಹಗುರ; ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.