ಮಂಜುಗಡ್ಡೆಯ ಮೇಲೆ ದ್ವೀಪದ ಹುಡುಗರು

2006ರ ಫೆಬ್ರುವರಿ 24, ಶುಕ್ರವಾರ. ಕೆನಡಾದ ಪೂರ್ವ ತುದಿಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ನಿಂತಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಆ ಮಧ್ಯಾಹ್ನ ಶಾಲೆಗಳಿಗೆ ರಜೆ. ಹಿಮಪಾತವಾಗಲೀ ಬಿರುಗಾಳಿಯಾಗಲೀ ಆ ರಜೆಗೆ ಕಾರಣವಲ್ಲ. ಮಕ್ಕಳೂ ಮೇಷ್ಟ್ರುಗಳೂ ಮನೆಗೆ ಹೋಗಿ ಟಿ.ವಿ. ನೋಡಲಿ ಎಂದು ಪ್ರಾಂತದ ಪ್ರೀಮಿಯರ್, ಎಂದರೆ ನಮ್ಮ ಮುಖ್ಯಮಂತ್ರಿಗೆ ಸಮಾನರಾದ ಡ್ಯಾನಿ ವಿಲಿಯಮ್ಸ್ ಅವರೇ ಕೊಟ್ಟ ರಜೆ ಅದು. ದೂರದ ಇಟಲಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಕರ್ಲಿಂಗ್ ಎಂಬ ಆಟದ ಫೈನಲ್‌ನಲ್ಲಿ ಕೆನಡಾದ ಪರವಾಗಿ ಆಡಲು ಇಳಿದಿದ್ದ ತಂಡದ ನಾಯಕ ಇದೇ ದ್ವೀಪದ 25 ವರ್ಷದ ಯುವಕ. ಹೆಸರು ಬ್ರಾಡ್ ಗಶೂ.

ಒಂದು ಪ್ರಾಂತವೇ ಕೆಲಸ ಬಿಟ್ಟು ಕೂರುವಂಥದ್ದು ಈ ಆಟದಲ್ಲಿ ಏನಿದೆ? ಉತ್ತರ ಆ ಫೈನಲ್‌ನಲ್ಲಿ ಮಾತ್ರ ಇಲ್ಲ. ಅದಕ್ಕೂ ಹಿಂದೆ, ಮೀಸೆ ಚಿಗುರುವ ವಯಸ್ಸಿನ ಹುಡುಗರು ಆಡುವ ಜೂನಿಯರ್ ಪಂದ್ಯಗಳಲ್ಲಿ ಅದರ ಬೇರು ಇದೆ.

ಕೇರಂ ಬಲ್ಲವರಿಗೆ ಕರ್ಲಿಂಗ್ ಅರ್ಥವಾಗುವುದು ಕಷ್ಟವಲ್ಲ. ಸುಮಾರು 45 ಮೀಟರ್ ಉದ್ದ, 5 ಮೀಟರಿಗೂ ಕಡಿಮೆ ಅಗಲದ ಮಂಜುಗಡ್ಡೆಯ ಪಟ್ಟಿಯೇ ಇಲ್ಲಿನ ಬೋರ್ಡು. ಪಾನಿನ ಬದಲು ಹಿಡಿಕೆಯುಳ್ಳ ಗ್ರಾನೈಟ್ ಕಲ್ಲು. ಒಂದೊಂದರ ತೂಕ ಸುಮಾರು 18ರಿಂದ 20 ಕಿಲೋ. ಎದುರು ತುದಿಯಲ್ಲಿ ಒಂದರೊಳಗೊಂದು ಬರೆದ ವೃತ್ತಗಳಿರುತ್ತವೆ. ಹೊರವೃತ್ತದ ವ್ಯಾಸ 3.66 ಮೀಟರ್. ಇದಕ್ಕೆ ‘ಮನೆ’ ಎಂದೇ ಹೆಸರು. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡಗಳ ಹದಿನಾರು ಕಲ್ಲುಗಳು ಮುಗಿದರೆ ಒಂದು ‘ಎಂಡ್’. ಮನೆಯ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಆ ತಂಡಕ್ಕೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತಲೂ ಒಳಗಿರುವ ತಮ್ಮ ಕಲ್ಲುಗಳು ಎಷ್ಟೋ ಅಷ್ಟು ಅಂಕ. ದೊಡ್ಡವರ ಪ್ರಮುಖ ಪಂದ್ಯಗಳಲ್ಲಿ ಇಂತಹ ಹತ್ತು ಎಂಡ್‌ಗಳು. ಕೊನೆಯ ಕಲ್ಲು ಜಾರಿಸುವ ಹಕ್ಕಿಗೆ ‘ಸುತ್ತಿಗೆ’ ಎನ್ನುತ್ತಾರೆ. ಅದು ಯಾರ ಕೈಯಲ್ಲಿದೆಯೋ ಅವರದೇ ಮೇಲುಗೈ.

ಕೇರಂ ಬೋರ್ಡಿಗೆ ಬೋರಿಕ್ ಪುಡಿ ಉದುರಿಸುವಂತೆ ಇಲ್ಲಿ ಮಂಜುಗಡ್ಡೆಯ ಮೇಲೆ ನೀರಿನ ಹನಿ ಚಿಮುಕಿಸುತ್ತಾರೆ. ಹನಿಗಳು ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಗಳಾಗಿ ನಿಲ್ಲುತ್ತವೆ. ಕಲ್ಲು ಜಾರುವುದು ಅವುಗಳ ತಲೆಯ ಮೇಲೆ. ಬಿಡುವಾಗ ಹಿಡಿಕೆಯನ್ನು ತುಸು ತಿರುಗಿಸಿದರೆ ಕಲ್ಲು ಮೆಲ್ಲಗೆ ಸುತ್ತುತ್ತಾ ದಾರಿಯ ಕೊನೆಯಲ್ಲಿ ಬಾಗುತ್ತದೆ. ಆ ಬಾಗುವಿಕೆಯಿಂದಲೇ ಆಟಕ್ಕೆ ಈ ಹೆಸರು. ಅದು ಏಕೆ ಹಾಗೆ ಬಾಗುತ್ತದೆ ಎಂಬ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಮೇಜಿನ ಮೇಲೆ ಬೋರಲು ಹಾಕಿದ ಲೋಟವನ್ನು ಸುತ್ತಿಸಿ ತಳ್ಳಿದರೆ ಅದು ಬಾಗುವುದು ಒಂದು ಕಡೆಗೆ. ಕರ್ಲಿಂಗ್ ಕಲ್ಲು ಬಾಗುವುದು ಅದಕ್ಕೆ ವಿರುದ್ಧ ದಿಕ್ಕಿಗೆ! ಕಲ್ಲು ಕೈಬಿಟ್ಟ ಮೇಲೆ ಇಬ್ಬರು ಜೊತೆಗಾರರು ಅದರ ಮುಂದೆ ಬ್ರಷ್‌ನಿಂದ ರಭಸವಾಗಿ ಉಜ್ಜುತ್ತಾ ಓಡುತ್ತಾರೆ. ಉಜ್ಜಿದಲ್ಲಿ ಮಂಜಿನ ಮೇಲ್ಮೈ ತುಸು ಬೆಚ್ಚಗಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಹೋಗುತ್ತದೆ. ಎಸೆದವನೊಬ್ಬ, ಅದನ್ನು ಗುರಿ ಮುಟ್ಟಿಸುವವರು ಇನ್ನಿಬ್ಬರು. ಈ ಆಟದ ತಿರುಳೇ ಇದು.

ಆಟದ ತವರು ಸ್ಕಾಟ್ಲೆಂಡ್. ಅಲ್ಲಿ 1511 ಎಂಬ ಇಸವಿ ಕೊರೆದ ಕಲ್ಲೊಂದು ಸಿಕ್ಕಿದೆ. ಆಟದ ನಿಯಮಗಳಿಗೆ ಒಪ್ಪ ಕೊಟ್ಟ ಕ್ಲಬ್ಬು ಎಡಿನ್‌ಬರೊದಲ್ಲಿ ಹುಟ್ಟಿದ್ದು 1838ರಲ್ಲಿ. ಒಲಿಂಪಿಕ್ಸ್‌ನ ಕಲ್ಲುಗಳಿಗೆ ಗ್ರಾನೈಟ್ ಬರುವುದು ಸ್ಕಾಟ್ಲೆಂಡಿನ ಕರಾವಳಿಯಾಚೆಯ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. ವಲಸೆ ಹೋದ ಸ್ಕಾಟರು ಆಟವನ್ನೂ ಕೆನಡಾಕ್ಕೆ ಒಯ್ದರು. ಮಾಂಟ್ರಿಯಲ್‌ನಲ್ಲಿ 1807ರಲ್ಲೇ ಕ್ಲಬ್ಬು ಕಟ್ಟಿದರು. ತಿಂಗಳುಗಟ್ಟಲೆ ಹೊಲಗದ್ದೆ ಹಿಮದಡಿ ಮಲಗುವ ನಾಡಿನಲ್ಲಿ ಊರಿನವರೆಲ್ಲ ಸೇರಲು ಒಂದು ನೆಪ ಬೇಕಿತ್ತು. ಕರ್ಲಿಂಗ್ ಆ ನೆಪವಾಯಿತು. 1927ರಲ್ಲಿ ‘ಬ್ರಯರ್’ ಎಂಬ ಪುರುಷರ ರಾಷ್ಟ್ರೀಯ ಪಂದ್ಯಾವಳಿ ಆರಂಭವಾಯಿತು. ಕೆನಡಾದ ಆಟಗಾರನಿಗೆ ಬ್ರಯರ್ ಗೆಲ್ಲುವುದು ಒಲಿಂಪಿಕ್ ಪದಕಕ್ಕೆ ಕಡಿಮೆಯೇನಲ್ಲ.

ಆ ಎತ್ತರಕ್ಕೆ ಏರಲು ಹುಡುಗರಿಗೆ ಒಂದು ಏಣಿ ಬೇಕಲ್ಲ? ಕೆನಡಾದಲ್ಲಿ ಶಾಲಾ ಬಾಲಕರ ರಾಷ್ಟ್ರೀಯ ಪಂದ್ಯಾವಳಿ 1950ರಲ್ಲಿ ಶುರುವಾಯಿತು. ಇದೇ ಮುಂದೆ ಜೂನಿಯರ್ ಚಾಂಪಿಯನ್‌ಷಿಪ್ ಆಯಿತು. ಬಾಲಕಿಯರು ಇಂತಹ ಅವಕಾಶಕ್ಕೆ 1971ರವರೆಗೆ ಕಾಯಬೇಕಾಯಿತು. ವಿಶ್ವ ಜೂನಿಯರ್ ಪಂದ್ಯಾವಳಿ ಹುಡುಗರಿಗೆ 1975ರಲ್ಲಿ, ಹುಡುಗಿಯರಿಗೆ 1988ರಲ್ಲಿ ಬಂತು. ಏಣಿಯ ಮೆಟ್ಟಿಲುಗಳು ಸರಳ: ಮೊದಲು ಊರಿನ ಕ್ಲಬ್ಬು, ಬಳಿಕ ಪ್ರಾಂತ, ಆಮೇಲೆ ದೇಶ, ಕೊನೆಗೆ ವಿಶ್ವ. ಆಗೆಲ್ಲ ಪ್ರತಿ ಮೆಟ್ಟಿಲಲ್ಲೂ ಮೇಲೇರುತ್ತಿದ್ದುದು ಒಂದೇ ತಂಡ. ನಮ್ಮ ಕ್ರಿಕೆಟ್‌ನಂತೆ ಆಯ್ಕೆ ಸಮಿತಿ ಕುಳಿತು ಅಲ್ಲೊಬ್ಬ ಇಲ್ಲೊಬ್ಬನನ್ನು ಹೆಕ್ಕುವ ಪದ್ಧತಿ ಇಲ್ಲಿಲ್ಲ. ಗೆದ್ದ ನಾಲ್ವರು ನಾಲ್ವರಾಗಿಯೇ ಮುಂದೆ ಹೋಗುತ್ತಾರೆ. ಹಾಗಾಗಿ ಹದಿನಾರು ಹದಿನೇಳರ ವಯಸ್ಸಿನಲ್ಲಿ ಕೂಡಿದ ಸ್ನೇಹಕ್ಕೆ ಇಲ್ಲಿ ಬೆಲೆ ಹೆಚ್ಚು.

ಈ ಏಣಿಗೆ ಒಂದು ಕ್ರೂರ ನಿಯಮವೂ ಇದೆ. ವಿಶ್ವ ಜೂನಿಯರ್ ಪಂದ್ಯದಲ್ಲಿ ಆಡುವವನಿಗೆ ಹಿಂದಿನ ವರ್ಷದ ಜೂನ್ 30ಕ್ಕೆ 21 ತುಂಬಿರಬಾರದು. ತುಂಬಿತೋ, ಏಣಿ ಅಲ್ಲಿಗೆ ಮುಗಿಯಿತು. ಮಾರನೆಯ ವರ್ಷದಿಂದ ಅವನು ಸೆಣಸಬೇಕಾದದ್ದು ಇಪ್ಪತ್ತು ಮೂವತ್ತು ವರ್ಷ ಪಳಗಿದ ಹಿರಿಯರೊಡನೆ. ಈ ದಾರಿಯಲ್ಲೇ ನಡೆದು ಹೆಸರಾದವರು ಅನೇಕರಿದ್ದಾರೆ. 1985ರ ಜೂನಿಯರ್ ಚಾಂಪಿಯನ್ ಕೆವಿನ್ ಮಾರ್ಟಿನ್ 2010ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. 1994ರಲ್ಲಿ ಜೂನಿಯರ್ ಪ್ರಶಸ್ತಿ ಪಡೆದ ಜೆನಿಫರ್ ಜೋನ್ಸ್ 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ತಂದರು. ಜೂನಿಯರ್ ಗೆದ್ದು ಆಮೇಲೆ ಹೆಸರೇ ಕೇಳದಂತೆ ಮರೆಯಾದವರೂ ಕಡಿಮೆಯಿಲ್ಲ.

ಬ್ರಾಡ್ ಗಶೂ ಹುಟ್ಟಿದ್ದು 1980ರ ಜೂನ್ 16ರಂದು, ನ್ಯೂಫೌಂಡ್‌ಲ್ಯಾಂಡಿನ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ. ಈ ದ್ವೀಪ ಕೆನಡಾಕ್ಕೆ ಸೇರಿದ್ದೇ 1949ರಲ್ಲಿ. ಶತಮಾನಗಳಿಂದ ಅದರ ಬದುಕು ನಿಂತಿದ್ದು ಕಾಡ್ ಎಂಬ ಮೀನಿನ ಮೇಲೆ. ಹಿಡಿದದ್ದು ಅತಿಯಾಗಿ ಮೀನು ಬರಿದಾದಾಗ ಕೆನಡಾ ಸರ್ಕಾರ 1992ರ ಜುಲೈನಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಊರೂರುಗಳ ಯುವಕರು ಗಂಟುಮೂಟೆ ಕಟ್ಟಿ ಮುಖ್ಯ ಭೂಮಿಗೆ ಹೊರಟರು. ಗಶೂಗೆ ಆಗ ಹನ್ನೆರಡು ವರ್ಷ. ಕರ್ಲಿಂಗ್‌ನಲ್ಲಿಯೂ ದ್ವೀಪಕ್ಕೆ ಹೇಳಿಕೊಳ್ಳಲು ಇದ್ದದ್ದು ಒಂದೇ ದೊಡ್ಡ ನೆನಪು. ಜ್ಯಾಕ್ ಮ್ಯಾಕ್‌ಡಫ್ ಅವರ ತಂಡ ಯಾರೂ ಎಣಿಸದಿದ್ದಾಗ 1976ರಲ್ಲಿ ಬ್ರಯರ್ ಗೆದ್ದಿತ್ತು. ಗಶೂ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತು ಅದು.

1990ರ ದಶಕದ ಕೊನೆಯ ವರ್ಷಗಳಲ್ಲಿ ಗಶೂ ತಮ್ಮ ಪ್ರಾಂತದ ಪರವಾಗಿ ರಾಷ್ಟ್ರೀಯ ಜೂನಿಯರ್ ಪಂದ್ಯಗಳಿಗೆ ಮತ್ತೆ ಮತ್ತೆ ಹೋದರು; ಮತ್ತೆ ಮತ್ತೆ ಚಿನ್ನವಿಲ್ಲದೆ ಮರಳಿದರು. ಆ ಕಾಲದ ಜೂನಿಯರ್ ದೊರೆ ಒಂಟಾರಿಯೊದ ಜಾನ್ ಮಾರಿಸ್. 1998 ಮತ್ತು 1999, ಎರಡೂ ವರ್ಷ ದೇಶದ ಪ್ರಶಸ್ತಿಯೂ ವಿಶ್ವದ ಪ್ರಶಸ್ತಿಯೂ ಅವರ ಪಾಲಾದವು. 2000ದಲ್ಲಿ ಬ್ರಿಟಿಷ್ ಕೊಲಂಬಿಯಾದ ತಂಡ ಗೆದ್ದಿತು. ಇನ್ನು ಉಳಿದದ್ದು 2001 ಒಂದೇ. ಆ ವರ್ಷ ಜೂನ್ 16ಕ್ಕೆ ಗಶೂಗೆ 21 ತುಂಬಲಿತ್ತು. ಜೂನ್ 30ರ ಗೆರೆಗೆ ಎರಡೇ ವಾರ ಮೊದಲು. ಆ ಋತು ಕಳೆದರೆ ಜೂನಿಯರ್ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು.

ಕೊನೆಯ ಅವಕಾಶ ಕೈತಪ್ಪಲಿಲ್ಲ. ಮಾರ್ಕ್ ನಿಕೊಲ್ಸ್, ಬ್ರೆಂಟ್ ಹ್ಯಾಮಿಲ್ಟನ್ ಮತ್ತು ಮೈಕ್ ಆಡಮ್ ಅವರೊಂದಿಗೆ ಗಶೂ 2001ರ ಕೆನಡಾ ಜೂನಿಯರ್ ಚಾಂಪಿಯನ್ ಆದರು. ಅದೇ ವರ್ಷ ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ವಿಶ್ವ ಜೂನಿಯರ್ ಪಂದ್ಯಾವಳಿ. ಮಾರನೆಯ ವರ್ಷದ ಒಲಿಂಪಿಕ್ಸ್‌ನ ಕರ್ಲಿಂಗ್‌ಗೆಂದು ಸಜ್ಜಾಗಿದ್ದ ಅಂಗಣ ಅದು. ಅಲ್ಲಿಯೂ ಈ ಹುಡುಗರೇ ಗೆದ್ದರು.

ಆದರೆ ಜೂನಿಯರ್ ಕಿರೀಟ ಹಿರಿಯರ ಕಣದಲ್ಲಿ ನಡೆಯುವ ನಾಣ್ಯವಲ್ಲ. 2003ರಲ್ಲಿ ಗಶೂ ಮೊದಲ ಬಾರಿ ಬ್ರಯರ್ ಆಡಿದರು. ಕೈಚಳಕಕ್ಕೆ ಕೊರತೆ ಇರಲಿಲ್ಲ. ಬೇಕಿದ್ದದ್ದು ಕಷ್ಟದ ಗಳಿಗೆಯಲ್ಲಿ ಯಾವ ಕಲ್ಲನ್ನು ಎಲ್ಲಿ ಇಡಬೇಕೆಂಬ ಪಳಗಿದ ತಲೆ. 2006ರ ಒಲಿಂಪಿಕ್ಸ್ ಹತ್ತಿರವಾದಂತೆ ತಂಡ ಅಂತಹ ಒಬ್ಬರನ್ನು ಕರೆತಂದಿತು. ಅವರು ರಸ್ ಹೊವರ್ಡ್, 1987 ಮತ್ತು 1993ರ ವಿಶ್ವ ಚಾಂಪಿಯನ್. ಹುಡುಗರಿಗೆ ಅವರು ತಂದೆಯ ವಯಸ್ಸಿನವರು.

ಹೊವರ್ಡ್ ಬರೇ ಹಳೆಯ ಹುಲಿಯಲ್ಲ. ಆಟದ ಸ್ವರೂಪವನ್ನೇ ಬದಲಿಸಿದವರು. 1980ರ ದಶಕದಲ್ಲಿ ಮುಂದಿದ್ದ ತಂಡವು ಎದುರಾಳಿಯ ಪ್ರತಿ ಕಲ್ಲನ್ನೂ ಹೊಡೆದೋಡಿಸಿ ಮನೆ ಖಾಲಿ ಇಡುತ್ತಿತ್ತು. ನೋಡುವವರಿಗೆ ಆಕಳಿಕೆ. ಹೊವರ್ಡ್ ಸೋದರರು ತಮ್ಮ ಅಭ್ಯಾಸಕ್ಕೆಂದು ಒಂದು ಕಟ್ಟು ಮಾಡಿಕೊಂಡಿದ್ದರು: ಎಂಡ್‌ನ ಮೊದಲ ನಾಲ್ಕು ಕಲ್ಲುಗಳನ್ನು ಯಾರೂ ಹೊಡೆದು ಹೊರಗಟ್ಟಬಾರದು. 1990ರಲ್ಲಿ ಮಾಂಕ್ಟನ್ ನಗರದ ಪಂದ್ಯಾವಳಿಯೊಂದು ಇದನ್ನು ಅಳವಡಿಸಿಕೊಂಡಿತು. ಆಮೇಲೆ ಇದೇ ನಿಯಮ ತುಸು ಬದಲಾಗಿ, ಮನೆಯ ಮುಂದೆ ಕಾವಲು ನಿಂತ ಕಲ್ಲುಗಳಿಗೆ ಆರಂಭದಲ್ಲಿ ರಕ್ಷಣೆ ಕೊಡುವ ನಿಯಮವಾಗಿ ಜಗತ್ತಿನಾದ್ಯಂತ ಜಾರಿಗೆ ಬಂತು. ಈಗ ಮನೆಯೊಳಗೂ ಹೊರಗೂ ಕಲ್ಲುಗಳು ಗಿಜಿಗುಟ್ಟಿ, ಸಂದಿಯಲ್ಲಿ ನುಸುಳಿಸುವ ಜಾಣ್ಮೆಗೆ ಬೆಲೆ ಬಂತು. ಗಶೂ ಪೀಳಿಗೆ ಬೆಳೆದದ್ದೇ ಈ ಹೊಸ ಆಟದಲ್ಲಿ. ನಿಯಮ ಹೊಳೆಸಿದ ಹಿರಿಯನೂ ಅದರಲ್ಲಿ ಬೆಳೆದ ಕಿರಿಯನೂ ಒಂದೇ ತಂಡದಲ್ಲಿ ಕೂಡಿದರು.

ನಾಲ್ಕೇ ಜಾಗವಿರುವ ತಂಡಕ್ಕೆ ಒಬ್ಬರು ಬಂದರೆ ಒಬ್ಬರು ಸರಿಯಬೇಕು. ಜೂನಿಯರ್ ದಿನಗಳ ಜೊತೆಗಾರ ಮೈಕ್ ಆಡಮ್ ತಮ್ಮ ಜಾಗ ಬಿಟ್ಟುಕೊಟ್ಟು ಬದಲಿ ಆಟಗಾರರಾದರು. ಹದಿಹರೆಯದಿಂದ ಕಂಡ ಕನಸು ಕೈಗೆಟಕುವ ಹೊತ್ತಿಗೆ ಬೆಂಚಿನ ಮೇಲೆ ಕೂರುವುದು ಸಣ್ಣ ಮಾತಲ್ಲ. 2005ರ ಡಿಸೆಂಬರ್‌ನಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದ ಆಯ್ಕೆ ಪಂದ್ಯಗಳ ಫೈನಲ್‌ನಲ್ಲಿ ತಂಡ ಜೆಫ್ ಸ್ಟೌಟನ್ ಅವರ ತಂಡವನ್ನು 8-7ರಿಂದ ಸೋಲಿಸಿ ಒಲಿಂಪಿಕ್ಸ್‌ಗೆ ಹೊರಟಿತು. ಗಶೂ, ನಿಕೊಲ್ಸ್, ಹೊವರ್ಡ್, ಜೇಮಿ ಕೊರಾಬ್, ಬದಲಿಗೆ ಆಡಮ್.

ಫೈನಲ್‌ನ ಎದುರಾಳಿ ಫಿನ್ಲೆಂಡ್. ಆರನೆಯ ಎಂಡ್‌ನಲ್ಲಿ ಕೆನಡಾ ಒಮ್ಮೆಗೇ ಆರು ಅಂಕ ಬಾಚಿತು. ಅಷ್ಟು ದೊಡ್ಡ ಮಟ್ಟದಲ್ಲಿ ಒಂದು ಎಂಡ್‌ಗೆ ಆರು ಅಂಕ ಅಪರೂಪ. ಪಂದ್ಯ ಮುಗಿದಾಗ 10-4. ಐವತ್ತು ತುಂಬಿದ್ದ ಹೊವರ್ಡ್ ಒಲಿಂಪಿಕ್ ಚಿನ್ನ ಗೆದ್ದ ಕೆನಡಾದ ಅತಿ ಹಿರಿಯರೆನಿಸಿದರು. ಗಶೂ ಮಾಡಿದ ಮೊದಲ ಕೆಲಸ ಅಂಗಣದಿಂದಲೇ ಮನೆಗೆ ಫೋನು ಹಚ್ಚಿದ್ದು. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ತಾಯಿ ಇಟಲಿಗೆ ಬರಲಾಗಿರಲಿಲ್ಲ. ಅಮ್ಮ ಫೋನು ಎತ್ತಲಿ ಎಂದು ಮಗ ಕಾತರಿಸುತ್ತಿದ್ದುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ಕಂಡಿತು. ಪ್ರಾಂತದವರು ಸೇಂಟ್ ಜಾನ್ಸ್‌ನ ಹೆದ್ದಾರಿಯೊಂದಕ್ಕೆ ಗಶೂ ತಂಡದ ಹೆಸರನ್ನೇ ಇಟ್ಟರು.

ಕತೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಸುಖಾಂತ ಸಿನಿಮಾ. ಆದರೆ ಒಲಿಂಪಿಕ್ಸ್ ಗೆದ್ದವರಿಗೆ ಬ್ರಯರ್ ಒಲಿಯಲಿಲ್ಲ. 2007ರ ಫೈನಲ್‌ನಲ್ಲಿ ಗಶೂ ಸೋತದ್ದು ರಸ್ ಅವರ ತಮ್ಮ ಗ್ಲೆನ್ ಹೊವರ್ಡ್ ಅವರಿಗೆ! ವರ್ಷಗಳು ಉರುಳಿದವು. ಜೊತೆಗಾರರು ಬದಲಾದರು, ನಿಕೊಲ್ಸ್ ಕೂಡ ಕೆಲವು ವರ್ಷ ಬೇರೆಯಾಗಿ 2014ರಲ್ಲಿ ಮರಳಿದರು.

2017ರಲ್ಲಿ ಬ್ರಯರ್ ಪಂದ್ಯಾವಳಿ ಸೇಂಟ್ ಜಾನ್ಸ್‌ಗೇ ಬಂತು. ಗಶೂಗೆ ಅದು ಹದಿನಾಲ್ಕನೆಯ ಬ್ರಯರ್. ಆ ಋತುವಿನ ಆರಂಭದ ತಿಂಗಳುಗಳು ಸೊಂಟದ ನೋವಿನಲ್ಲೇ ಕಳೆದಿದ್ದವು. ಫೈನಲ್‌ನಲ್ಲಿ ಎದುರಿಗಿದ್ದವರು ಹಿಂದಿನ ವರ್ಷದ ಚಾಂಪಿಯನ್ ಕೆವಿನ್ ಕೋ. ಅಂಕ 6-6, ಉಳಿದದ್ದು ಒಂದೇ ಕಲ್ಲು, ಅದು ಗಶೂ ಕೈಯಲ್ಲಿ. ಕಲ್ಲು ಕೈಬಿಟ್ಟಾಗ ವೇಗ ತುಸು ಕಡಿಮೆಯೇ ಇತ್ತು. ಬ್ರೆಟ್ ಗ್ಯಾಲಂಟ್ ಮತ್ತು ಜೆಫ್ ವಾಕರ್ ಅಂಗಣದ ಉದ್ದಕ್ಕೂ ಉಸಿರುಗಟ್ಟಿ ಉಜ್ಜಿದರು. ಕಲ್ಲು ತೆವಳುತ್ತಾ ಮನೆಯೊಳಗೆ ಬಂದು, ಬೇಕಾದಷ್ಟೇ ಹತ್ತಿರ ನಿಂತಿತು. 7-6. ದ್ವೀಪ 41 ವರ್ಷಗಳಿಂದ ಕಾದಿದ್ದ ಗೆಲುವು. ಅದೇ ವರ್ಷ ತಂಡ ಒಂದೂ ಪಂದ್ಯ ಸೋಲದೆ ವಿಶ್ವ ಚಾಂಪಿಯನ್ ಕೂಡ ಆಯಿತು. 2024ರ ಹೊತ್ತಿಗೆ ಗಶೂ ಆರು ಬ್ರಯರ್ ಗೆದ್ದಿದ್ದರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಬಂದಾಗ ಪಕ್ಕದಲ್ಲಿದ್ದವರು ಅದೇ ನಿಕೊಲ್ಸ್.

ಜೂನಿಯರ್ ಪಂದ್ಯಗಳು ಚಾಂಪಿಯನ್‌ಗಳನ್ನು ತಯಾರಿಸುತ್ತವೆ ಎಂಬ ಮಾತು ಅರ್ಧ ಸತ್ಯ. ಅವು ಕಲಿಸುವುದು ಸೋತು ಮತ್ತೆ ಬರುವುದನ್ನು ಮತ್ತು ಜೊತೆಗಾರರನ್ನು ನಂಬುವುದನ್ನು. ಆಗ್ಡೆನ್‌ನಲ್ಲಿ ಗೆದ್ದ ನಾಲ್ವರಲ್ಲಿ ಒಬ್ಬರು ಜಾಗ ಬಿಟ್ಟುಕೊಟ್ಟರು, ಒಬ್ಬರು ಇಪ್ಪತ್ತು ವರ್ಷದ ಮೇಲೂ ಜೊತೆಗಿದ್ದರು. ಕೈಬಿಟ್ಟ ಕಲ್ಲು ಮತ್ತೆ ಎಸೆದವನ ಮಾತು ಕೇಳುವುದಿಲ್ಲ. ಅದು ಎಲ್ಲಿ ನಿಲ್ಲಬೇಕೆಂಬುದು ಮುಂದೆ ಓಡುತ್ತಾ ಉಜ್ಜುವವರ ತೋಳಿನಲ್ಲಿ ಇರುತ್ತದೆ.