ಮಲಪ್ರಭೆ–ಘಟಪ್ರಭೆಗಳ ಸೀಮೆಯಲ್ಲಿ ಜೀವವಿಕಾಸದ ಸಾಕ್ಷ್ಯ

ಬಾಗಲಕೋಟೆ ಜಿಲ್ಲೆಯ ಮರೋಳದ ಸುತ್ತಲಿನ ಹುನಗುಂದ–ಇಳಕಲ್ ಸೀಮೆಯ ತಳದಲ್ಲಿ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಮತ್ತು ಶಿಸ್ಟ್ ಶಿಲೆಗಳಿವೆ. ಅಲ್ಲಿಂದ ಪಶ್ಚಿಮಕ್ಕೆ ಬಾಗಲಕೋಟೆ, ಲೋಕಾಪುರಗಳತ್ತ ಸಾಗಿದಂತೆ ಆ ತಳದ ಮೇಲೆ ಕ್ವಾರ್ಟ್ಸೈಟ್, ಸುಣ್ಣಕಲ್ಲು ಮತ್ತು ಡಾಲೊಮೈಟ್ ಪದರಗಳು ಹರಡಿಕೊಳ್ಳುತ್ತವೆ. ಅವುಗಳ ಮೇಲೆ ಬಾದಾಮಿಯ ಕೆಂಪು ಮರಳುಗಲ್ಲು ಕುಳಿತಿದೆ. ಎಲ್ಲಕ್ಕಿಂತ ಮೇಲೆ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಹೊತ್ತು ತಂದ ಮೆಕ್ಕಲು ಮತ್ತು ಎರೆಮಣ್ಣು ಇವೆ. ಭೂಮಿಯ ಮೇಲಿನ ಜೀವಿಗಳು ಮೊದಲಿನಿಂದಲೂ ಇಂದಿನ ರೂಪದಲ್ಲಿಯೇ ಇರಲಿಲ್ಲ, ಒಂದು ಪ್ರಭೇದ, ಅಂದರೆ ತಮ್ಮೊಳಗೇ ಕೂಡಿ ಸಂತಾನ ಬೆಳೆಸುವ ಜೀವಿಗಳ ಗುಂಪು, ತಲೆಮಾರುಗಳ ಉದ್ದಕ್ಕೂ ಬದಲಾಗುತ್ತ ಬೇರೆಯದೇ ಆಗಬಲ್ಲದು ಎಂಬ ಜೀವವಿಕಾಸದ ತತ್ತ್ವಕ್ಕೆ ಬೇಕಾದ ಸಾಕ್ಷ್ಯವನ್ನು ದೂರದ ದ್ವೀಪಗಳಲ್ಲಿಯೇ ಹುಡುಕಬೇಕೆಂಬ ಭಾವನೆ ಸಾಮಾನ್ಯವಾಗಿದ್ದರೂ, ಅಂಥ ಸಾಕ್ಷ್ಯದ ಬಹುಪಾಲು ಬಗೆಗಳು ಈ ಒಂದೇ ಸೀಮೆಯ ಕಲ್ಲು, ಮಣ್ಣು ಮತ್ತು ಬೆಳೆಗಳಲ್ಲಿ ದೊರೆಯುತ್ತವೆ.

ಈ ಪದರಗಳನ್ನು ಕ್ರಮವಾಗಿ ಓದಿದವರಲ್ಲಿ ಮೊದಲಿಗರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಅವರು ಆ ಸಂಸ್ಥೆಯನ್ನು ಸೇರಿದ್ದು 1858ರಲ್ಲಿ. ಚಾರ್ಲ್ಸ್ ಡಾರ್ವಿನ್ನರ ಪ್ರಭೇದಗಳ ಉಗಮದ ಗ್ರಂಥ ಹೊರಬಂದದ್ದು ಅದರ ಮರುವರ್ಷ. ದಕ್ಷಿಣ ಮರಾಠಾ ಪ್ರದೇಶವೆಂದು ಆಗ ಕರೆಯಲಾಗುತ್ತಿದ್ದ ಬೆಳಗಾವಿ, ಕಲಾದಗಿ, ಧಾರವಾಡಗಳ ಭೂರಚನೆಯ ಕುರಿತು ಅವರು ಬರೆದ ವರದಿ 1876ರಲ್ಲಿ ಪ್ರಕಟವಾಯಿತು. ಅಂದು ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರು ಇಲ್ಲಿನ ಶಿಲಾಶ್ರೇಣಿಗೆ ಅಂಟಿಕೊಂಡು ವಿಜ್ಞಾನದ ಸಾಹಿತ್ಯದಲ್ಲಿ ಇಂದಿಗೂ ಉಳಿದಿದೆ. ಆ ವರದಿಗೆ ಎರಡು ವರ್ಷ ಮೊದಲು, 1874ರಲ್ಲಿ, ಅವರು ಇನ್ನೊಂದು ಮಹತ್ತ್ವದ ಶೋಧವನ್ನು ಪ್ರಕಟಿಸಿದ್ದರು: ಗೋಕಾಕದ ಬಳಿಯ ಚಿಕ್ಕಡೌಲಿ ಎಂಬಲ್ಲಿ ಮೆಕ್ಕಲಿನೊಳಗಿಂದ ಖಡ್ಗಮೃಗದ ಹಲ್ಲು ಮತ್ತು ಎಲುಬುಗಳು ಸಿಕ್ಕಿದ್ದವು. ಅದು ಜೀವಂತ ಖಡ್ಗಮೃಗಗಳಿಗೆ ಹತ್ತಿರದ ಬಂಧುವಾದರೂ ಅವುಗಳಲ್ಲಿ ಒಂದಲ್ಲ ಎಂಬ ನಿರ್ಣಯಕ್ಕೆ ಬಂದ ಫೂಟ್, ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟು ಹೊಸ ಪ್ರಭೇದವೆಂದು ವರ್ಣಿಸಿದರು.

ಇಂಥ ನಿರ್ಣಯದಲ್ಲಿ ಹಲ್ಲಿಗೆ ಯಾಕೆ ಅಷ್ಟು ತೂಕ ಎಂಬುದನ್ನು ತಿಳಿಯುವುದು ಅಗತ್ಯ. ಸಸ್ತನಿಯ ದೇಹದಲ್ಲಿ ಹಲ್ಲಿನ ಹೊರಪದರಕ್ಕಿಂತ ಗಟ್ಟಿಯಾದುದು ಬೇರಿಲ್ಲವಾದ್ದರಿಂದ ಮಿಕ್ಕೆಲ್ಲ ಕರಗಿದರೂ ಹಲ್ಲು ಉಳಿಯುತ್ತದೆ. ಅದೂ ಅಲ್ಲದೆ ಪ್ರಾಣಿ ತಿನ್ನುತ್ತಿದ್ದ ಆಹಾರಕ್ಕೆ ತಕ್ಕಂತೆ ಹಲ್ಲಿನ ಆಕಾರ ಇರುತ್ತದೆ. ಆಫ್ರಿಕದ ಎರಡು ಖಡ್ಗಮೃಗಗಳ ಪೈಕಿ ಪೊದೆಯ ಸೊಪ್ಪು ತಿನ್ನುವುದರ ದವಡೆಹಲ್ಲು ಗಿಡ್ಡ, ಮಣ್ಣು ಮೆತ್ತಿದ ಒರಟು ಹುಲ್ಲು ಮೇಯುವುದರ ಹಲ್ಲು ಎತ್ತರ. ಒಂದೇ ಮೂಲದಿಂದ ಕವಲೊಡೆದ ಪ್ರಾಣಿಗಳು ಮೇವಿಗೆ ಹೊಂದಿಕೊಂಡು ಬೇರೆಯಾದ ಬಗೆಯನ್ನು ಇದು ತೋರಿಸುತ್ತದೆ. ಇಂದು ಕರ್ನಾಟಕದಲ್ಲಿ ಎಲ್ಲಿಯೂ ಕಾಡು ಖಡ್ಗಮೃಗವಿಲ್ಲ. ಹಾಗಿರುವಾಗ ಘಟಪ್ರಭೆಯ ದಂಡೆಯಲ್ಲಿ ಅದರ ಹಲ್ಲು ದೊರೆತದ್ದು, ಈ ನೆಲದ ಪ್ರಾಣಿಸಮೂಹ ಸ್ಥಿರವಾದುದೆಂಬ ನಂಬಿಕೆಯನ್ನು ಒಂದೇ ಪಳೆಯುಳಿಕೆಯಿಂದ ಅಲುಗಿಸಿತು.

ಮೆಕ್ಕಲಿನ ಕೆಳಗಿನ ಕಲ್ಲುಗಳಿಗೆ ಇಳಿದರೆ ಎಲುಬು, ಹಲ್ಲುಗಳ ಕತೆ ಮುಗಿಯುತ್ತದೆ. ಕಲಾದಗಿ ಶ್ರೇಣಿಯ ಕೆಳಭಾಗವಾದ ಬಾಗಲಕೋಟೆ ಗುಂಪಿನ ಪದರಗಳು ನೂರು ಕೋಟಿ ವರ್ಷಗಳಿಗಿಂತ ಹಳೆಯವು. ಆಳವಿಲ್ಲದ ಸಮುದ್ರದ ತಳದಲ್ಲಿ ಅವು ಶೇಖರಗೊಂಡವು. ಆಲಗುಂಡಿಯ ಬಳಿಯ ಶಿಲೆಗಳಿಂದ ಸ್ಟ್ರೋಮಟೊಲೈಟ್‌ಗಳು ವರದಿಯಾಗಿವೆ. 2012ರಲ್ಲಿ ಮುಕುಂದ ಶರ್ಮ ಮತ್ತು ಅವರ ಸಹಲೇಖಕರು ಈ ಶಿಲಾಶ್ರೇಣಿಯ ಸ್ಟ್ರೋಮಟೊಲೈಟ್‌ಗಳ ವರ್ಗೀಕರಣವನ್ನು ವಿಸ್ತಾರವಾಗಿ ಪ್ರಕಟಿಸಿದರು. ಸ್ಟ್ರೋಮಟೊಲೈಟ್ ಎಂದರೆ ಸೂಕ್ಷ್ಮಜೀವಿಗಳ ಲೋಳೆಯ ಹಾಸು ಕಲ್ಲಾಗಿ ಉಳಿದ ರಚನೆ: ಬಿಸಿಲನ್ನು ಬಳಸಿ ಆಹಾರ ತಯಾರಿಸುವ ನೀಲಿ–ಹಸಿರು ಬ್ಯಾಕ್ಟೀರಿಯಗಳು ನೀರಿನಡಿ ಹಾಸಿನಂತೆ ಬೆಳೆಯುತ್ತವೆ, ಮೇಲೆ ಬಿದ್ದ ಸುಣ್ಣದ ಕಣಗಳು ಅವುಗಳ ಲೋಳೆಗೆ ಅಂಟುತ್ತವೆ, ಬೆಳಕು ಮರೆಯಾಗುತ್ತಲೇ ಜೀವಿಗಳು ಆ ಪದರದ ಮೇಲಕ್ಕೆ ಏರಿ ಮತ್ತೊಂದು ಹಾಸನ್ನು ಕಟ್ಟುತ್ತವೆ. ಡಾಲೊಮೈಟ್ ಬಂಡೆಯನ್ನು ಅಡ್ಡ ಸೀಳಿದಾಗ ಕವುಚಿ ಒಂದರ ಮೇಲೊಂದು ಇಟ್ಟ ಬೋಗುಣಿಗಳಂತೆ ಕಾಣುವ ಕಪ್ಪು–ಬಿಳಿ ಬಾಗುಗೆರೆಗಳು ಹೀಗೆ ಮೂಡಿದವು. ಇದು ಊಹೆಯಷ್ಟೇ ಅಲ್ಲ. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯ ಉಪ್ಪುನೀರಿನಲ್ಲಿ ಇಂಥವೇ ರಚನೆಗಳು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ಈ ಬಂಡೆಗಳಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಿನ ಸಾಕ್ಷ್ಯವೆನ್ನಬೇಕು. ಲೋಕಾಪುರ, ಮುದ್ದಾಪುರಗಳ ಸುತ್ತ ಸಿಮೆಂಟಿಗಾಗಿ ದಶಕಗಳಿಂದ ಸುಣ್ಣಕಲ್ಲನ್ನು ಅಗೆಯುತ್ತ ಬಂದಿದ್ದಾರೆ; ಆದರೂ ಆ ಕಲ್ಲಿನಲ್ಲಿ ಒಂದು ಮೀನಿನ ಮುಳ್ಳಾಗಲಿ, ಮರದ ಎಲೆಯ ಅಚ್ಚಾಗಲಿ ಬಂದಿಲ್ಲ. ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲು ಕೂಡ ಸಮುದ್ರದ್ದೇ. ಆದರೆ ಅದು ಡೈನೊಸಾರುಗಳ ಕಾಲದ್ದಾದ್ದರಿಂದ ಅಲ್ಲಿ ಚಿಪ್ಪುಜೀವಿಗಳ ರಾಶಿಯೇ ಇದೆ. ಎರಡೂ ಸಮುದ್ರದ ಸುಣ್ಣವೇ ಆಗಿದ್ದು ಒಂದರಲ್ಲಿ ಚಿಪ್ಪು ತುಂಬಿ ಇನ್ನೊಂದರಲ್ಲಿ ಬ್ಯಾಕ್ಟೀರಿಯದ ಹಾಸು ಮಾತ್ರ ಇರುವುದಕ್ಕೆ, ಕಲಾದಗಿಯ ಕಡಲು ಇದ್ದ ಕಾಲಕ್ಕೆ ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ ಎಂಬುದಕ್ಕಿಂತ ಸರಳವಾದ ವಿವರಣೆ ಇಲ್ಲ. ಜೀವವಿಕಾಸವನ್ನು ಸುಳ್ಳೆಂದು ತೋರಿಸಲು ಏನು ಬೇಕು ಎಂದು ಕೇಳಿದಾಗ, ಕೊನೆಯ ವರ್ಷಗಳನ್ನು ಭಾರತದಲ್ಲಿಯೇ ಕಳೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಕೇಂಬ್ರಿಯನ್ ಯುಗಕ್ಕೂ ಹಿಂದಿನ ಶಿಲೆಯಲ್ಲಿ ಮೊಲದ ಪಳೆಯುಳಿಕೆ ಸಿಕ್ಕರೆ ಸಾಕು ಎಂದರೆಂಬ ಮಾತು ಪ್ರಸಿದ್ಧವಾಗಿದೆ. ಕಲಾದಗಿಯ ಶಿಲೆಗಳು ಅಂಥ ಯುಗದವೇ ಆಗಿರುವುದರಿಂದ ಇಲ್ಲಿನ ಪ್ರತಿಯೊಂದು ಕಲ್ಲುಗಣಿಯೂ ಆ ಪರೀಕ್ಷೆಯನ್ನು ನಡೆಸುತ್ತಲೇ ಇದೆ.

ಈ ಬದಲಾವಣೆಗೆ ಬೇಕಾದ ಕಾಲದ ಅಳತೆಯನ್ನೂ ಇಲ್ಲಿನ ಕಲ್ಲೇ ಕೊಡುತ್ತದೆ. ರಾಮದುರ್ಗದ ಬಳಿ ಓರೆಯಾಗಿ ನಿಂತ ಬಾಗಲಕೋಟೆ ಗುಂಪಿನ ಪದರಗಳ ತಲೆಯ ಮೇಲೆ ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಸಮತಟ್ಟಾಗಿ ಮಲಗಿದೆ. ಅಂದರೆ ಕೆಳಗಿನ ಪದರಗಳು ಮೊದಲು ಸಮುದ್ರದಲ್ಲಿ ಸಪಾಟಾಗಿ ಶೇಖರವಾಗಿ, ಕಲ್ಲಾಗಿ, ಮಡಿಚಿ ಮೇಲೆದ್ದು, ಮಳೆ–ಗಾಳಿಗೆ ಸವೆದು ಬೋಳಾದ ಮೇಲೆಯೇ ಮೇಲಿನವು ಬಂದವು. 

ಮಲಪ್ರಭೆಯ ದಂಡೆಯ ಖ್ಯಾಡ ಮೊದಲಾದ ಕಡೆ ಸಿಕ್ಕ, ಪುರಾತತ್ತ್ವಜ್ಞ ಆರ್.ವಿ. ಜೋಶಿಯವರು 1955ರ ಗ್ರಂಥದಲ್ಲಿ ವಿವರಿಸಿದ ಕಲ್ಲಿನ ಕೈಗೊಡಲಿಗಳು ಮನುಷ್ಯನ ವಂಶಕ್ಕೆ ಸೇರಿದ ಸಾಕ್ಷ್ಯ. ಇದೇ ಪರಂಪರೆಯ ಉಪಕರಣಗಳು ಯಾದಗಿರಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೆಯವೆಂದು ಗಣನೆಯಾಗಿದೆ. ಇಂದಿನ ಮಾನವ ಪ್ರಭೇದದ ವಯಸ್ಸು ಮೂರು ಲಕ್ಷ ವರ್ಷಗಳ ಆಸುಪಾಸಿನದಾದ್ದರಿಂದ ಅಷ್ಟು ಹಳೆಯ ಕೈಗೊಡಲಿಗಳನ್ನು ಕಡೆದವರು ನಮ್ಮ ಪ್ರಭೇದಕ್ಕೂ ಮೊದಲಿನವರು.

ಪ್ರಭೇದ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಕಲ್ಲಿಗಿಂತ ಹುರಳಿಕಾಳು ಚೆನ್ನಾಗಿ ಉತ್ತರಿಸುತ್ತದೆ. ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಬೂದಿ–ಮಣ್ಣಿನಲ್ಲಿ ಸುಟ್ಟು ಕರಕಲಾದ ಹುರಳಿ ಸಿಕ್ಕಿದೆ. ಕಾಡುಹುರಳಿಯ ಬೀಜಕ್ಕೆ ದಪ್ಪ ಸಿಪ್ಪೆ ಇರುತ್ತದೆ; ಒಂದೇ ಮಳೆಗೆ ಎಲ್ಲ ಬೀಜಗಳೂ ಮೊಳೆತು ಮಳೆ ಕೈಕೊಟ್ಟರೆ ಸಸಿಗಳೆಲ್ಲ ಸಾಯುವ ಅಪಾಯದಿಂದ ಆ ಸಿಪ್ಪೆ ಗಿಡದ ಸಂತತಿಯನ್ನು ಕಾಯುತ್ತದೆ. ಆದರೆ ಒಕ್ಕಲಿಗ ಬಿತ್ತಿ ಕೊಯ್ಯತೊಡಗಿದಾಗ ಲೆಕ್ಕ ತಿರುಗಿತು: ಬಿತ್ತಿದ ಕೂಡಲೇ ಮೊಳೆತ ತೆಳುಸಿಪ್ಪೆಯ ಬೀಜಗಳ ಗಿಡಗಳೇ ಸುಗ್ಗಿಗೆ ಬಂದವು, ತಡವಾಗಿ ಮೊಳೆತವು ಹಿಂದೆ ಬಿದ್ದವು, ಮುಂದಿನ ವರ್ಷದ ಬಿತ್ತನೆಗೆ ಉಳಿದದ್ದು ಮೊದಲಿನವುಗಳ ಸಂತತಿಯೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಶಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಪ್ರಾಚೀನ ನೆಲೆಗಳ ಇಂಥ ಕಾಳುಗಳನ್ನು ಒಡೆಯದೆ, ಅತಿ ಪ್ರಖರ ಕ್ಷಕಿರಣದಿಂದ ಸಿಪ್ಪೆಯ ದಪ್ಪವನ್ನು ಅಳೆದು, ಕಾಲ ಸರಿದಂತೆ ಅದು ತೆಳುವಾದದ್ದನ್ನು ತೋರಿಸಿದರು. ಯಾರೂ ಸಿಪ್ಪೆಯನ್ನು ನೋಡಿ ಆರಿಸಿರಲಿಲ್ಲ. ಬಿತ್ತುವ–ಕೊಯ್ಯುವ ವಾಡಿಕೆಯೇ ಆಯ್ಕೆಯ ಕೆಲಸ ಮಾಡಿತು.

ಅದೇ ಆಯ್ಕೆ ಈಗ ಹತ್ತಿಯ ಹೊಲದಲ್ಲಿ ರೈತನಿಗೆ ವಿರುದ್ಧವಾಗಿ ನಡೆಯುತ್ತಿದೆ. ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ತಾನೇ ತಯಾರಿಸಿಕೊಳ್ಳುವ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಈ ಪ್ರೋಟೀನು ಹುಳದ ಕರುಳಿನ ಒಳಪದರದಲ್ಲಿರುವ ಕ್ಯಾಡ್‌ಹೆರಿನ್ ಎಂಬ ಅಣುವಿಗೆ ಅಂಟಿಕೊಂಡರೆ ಮಾತ್ರ ವಿಷವಾಗುತ್ತದೆ. ಕ್ಯಾಡ್‌ಹೆರಿನ್ನಿನ ರಚನೆ ಹುಟ್ಟಿನಿಂದಲೇ ಕೆಟ್ಟಿದ್ದ ಗುಲಾಬಿ ಕಾಯಿಕೊರಕಗಳಿಗೆ ಅದು ತಾಗಲಿಲ್ಲ. ಮಿಕ್ಕವು ಸತ್ತು ಇವು ಉಳಿದು ಸಂತತಿ ಬೆಳೆಸಿದ್ದರಿಂದ, 2010ರ ವೇಳೆಗೆ ಗುಜರಾತಿನಲ್ಲಿ ಮೊದಲ ಬಿಟಿ ಪ್ರೋಟೀನನ್ನು ತಡೆದುಕೊಳ್ಳಬಲ್ಲ ಹುಳಗಳು ದೃಢಪಟ್ಟವು. 2006ರಲ್ಲಿ ಬಂದ ಎರಡು ಪ್ರೋಟೀನುಗಳ ಹತ್ತಿಯೂ ಮುಂದಿನ ವರ್ಷಗಳಲ್ಲಿ ಅವುಗಳ ಮುಂದೆ ಸೋತಿತು. ಬಿಟಿ ಹತ್ತಿಯ ಸುತ್ತ ನಾಲ್ಕಾರು ಸಾಲು ಸಾದಾ ಹತ್ತಿಯನ್ನು ಹಾಕಬೇಕೆಂಬ ನಿಯಮ ಈ ತಿಳಿವಳಿಕೆಯಿಂದಲೇ ಬಂದದ್ದು: ಸಾದಾ ಸಾಲಿನಲ್ಲಿ ಬದುಕುಳಿಯುವ, ವಿಷಕ್ಕೆ ಬಗ್ಗುವ ಪತಂಗಗಳು ಬಿಟಿ ಸಾಲಿನಿಂದ ಹೊರಬರುವ ವಿರಳ ನಿರೋಧಕ ಪತಂಗಗಳೊಡನೆ ಕೂಡಿದರೆ, ಅವುಗಳ ಮರಿಗಳು ತಂದೆ–ತಾಯಿಗಳಲ್ಲಿ ಒಂದರಿಂದ ಸರಿಯಾದ ಕ್ಯಾಡ್‌ಹೆರಿನ್ ಪಡೆದು ಬಿಟಿಗೆ ಮತ್ತೆ ಬಲಿಯಾಗುತ್ತವೆ. ಹೊಲದ ಅಂಚಿನ ಆ ಸಾಲುಗಳನ್ನು ಇಳುವರಿಯ ನಷ್ಟವೆಂದು ಬಹಳ ಕಡೆ ಬಿಟ್ಟುಬಿಟ್ಟದ್ದರಿಂದ, ಈಗ ಸಾದಾ ಬೀಜವನ್ನು ಬಿಟಿ ಬೀಜದ ಚೀಲದೊಳಗೇ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಚಳಿಗಾಲ ಮುಗಿಯುವವರೆಗೆ ಹತ್ತಿಯನ್ನು ಹೊಲದಲ್ಲಿ ನಿಲ್ಲಿಸದೆ ಡಿಸೆಂಬರ್ ಹೊತ್ತಿಗೆ ಕಿತ್ತು, ಹುಳದ ಇನ್ನೊಂದು ತಲೆಮಾರಿಗೆ ಅವಕಾಶ ಕೊಡಬಾರದೆಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ.