ಸಾಯುವ ಕ್ಯಾನ್ಸರ್ ಕೋಶ ಎಚ್ಚರಿಸುವ ರಕ್ಷಣಾ ಪಡೆ

ಕ್ಯಾನ್ಸರ್ ಕೋಶಗಳನ್ನು ಔಷಧಿಯಿಂದ ಕೊಲ್ಲುವುದೇ ಕಿಮೊಥೆರಪಿ ಎಂಬುದು ಬಹುಕಾಲದ ತಿಳಿವಳಿಕೆ. ಆದರೆ ಕೋಶ ಸತ್ತಿತೇ ಎಂಬುದರಷ್ಟೇ, ಅದು ಹೇಗೆ ಸತ್ತಿತು ಎಂಬುದೂ ಮುಖ್ಯ ಎಂದು ಕಳೆದ ಎರಡು ದಶಕಗಳ ಸಂಶೋಧನೆಗಳು ತೋರಿಸಿವೆ. ಕೆಲವು ಔಷಧಿಗಳಿಂದ ಸಾಯುವ ಕೋಶಗಳು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಿ, ಉಳಿದ ಗಡ್ಡೆಯ ಮೇಲೆ ಎತ್ತಿಕಟ್ಟುತ್ತವೆ. ವಿಜ್ಞಾನಿಗಳು ಇದನ್ನು ‘ಇಮ್ಯುನೊಜೆನಿಕ್ ಕೋಶಮರಣ’ ಎನ್ನುತ್ತಾರೆ.

ಇದು ದೂರದ ಪ್ರಯೋಗಾಲಯಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ತಡಸ, ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ಹೆದ್ದಾರಿಯ ಮೇಲಿನ ಊರು. ಈ ಭಾಗದ ರೋಗಿಗಳಿಗೆ ಸಮೀಪದಲ್ಲಿ ದೊರೆಯುವ ವಿಶೇಷ ಆಸ್ಪತ್ರೆಗಳಲ್ಲಿ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಒಂದು. ಸ್ತನ ಕ್ಯಾನ್ಸರಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೆಂಪು ಬಣ್ಣದ ಔಷಧಿ ಡಾಕ್ಸೊರುಬಿಸಿನ್. ಈ ಹೊಸ ಅರಿವಿಗೆ ದಾರಿ ತೋರಿದ್ದು ಅದೇ ಹಳೆಯ ಔಷಧಿ.

ಮೂರು ಸಂಕೇತಗಳು

ನಮ್ಮ ದೇಹದಲ್ಲಿ ಪ್ರತಿದಿನ ಕೋಟ್ಯಂತರ ಕೋಶಗಳು ಸಾಯುತ್ತವೆ. ಅವನ್ನು ಸ್ವಚ್ಛಕಾರಿ ಕೋಶಗಳು ಸದ್ದಿಲ್ಲದೆ ನುಂಗಿಹಾಕುತ್ತವೆ. ಇಂಥ ಸಾವಿನಿಂದ ರಕ್ಷಣಾ ಪಡೆ ಎಚ್ಚರಗೊಳ್ಳುವುದಿಲ್ಲ. ಎಚ್ಚರಗೊಂಡರೆ ಅದು ನಮ್ಮ ದೇಹವನ್ನೇ ಘಾಸಿಗೊಳಿಸೀತು.

ಇಮ್ಯುನೊಜೆನಿಕ್ ಮರಣದಲ್ಲಿ ಕೋಶವು ಮೂರು ಮುಖ್ಯ ಸಂಕೇತಗಳನ್ನು ಕೊಡುತ್ತದೆ. ಒಂದು, ಒಳಗಿರಬೇಕಾದ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನು ಮೇಲ್ಮೈಗೆ ಬಂದು, ‘ನನ್ನನ್ನು ನುಂಗು’ ಎಂಬ ಗುರುತಾಗುತ್ತದೆ. ಎರಡು, ಕೋಶದ ಶಕ್ತಿದ್ರವ್ಯವಾದ ಎಟಿಪಿ ಹೊರಸೂಸಿ ಕಾವಲು ಕೋಶಗಳನ್ನು ಬಳಿಗೆ ಸೆಳೆಯುತ್ತದೆ. ಮೂರು, ಕೋಶಕೇಂದ್ರದ ಎಚ್‌ಎಂಜಿಬಿ1 ಎಂಬ ಪ್ರೋಟೀನು ಹೊರಬಂದು ಅಪಾಯದ ಸೂಚನೆ ನೀಡುತ್ತದೆ.

ಸಂಕೇತ ಪಡೆಯುವ ಕಾವಲುಗಾರರೆಂದರೆ ಡೆಂಡ್ರಿಟಿಕ್ ಕೋಶಗಳು. ಇವನ್ನು ಗುರುತಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ಕೋಶಗಳು ಸತ್ತ ಕ್ಯಾನ್ಸರ್ ಕೋಶದ ತುಣುಕುಗಳನ್ನು ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ವೈರಿಯ ಗುರುತು ಕಲಿತ ಟಿ ಕೋಶಗಳು ರಕ್ತದಲ್ಲಿ ಸಂಚರಿಸಿ, ಅದೇ ಗುರುತಿನ ಜೀವಂತ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ.

ಇಲಿಗಳಲ್ಲಿ ದೊರೆತ ಸಾಕ್ಷ್ಯ

ಫ್ರಾನ್ಸಿನ ಗೀಡೋ ಕ್ರೋಮರ್, ಲಾರೆನ್ಸ್ ಜಿಟ್ವೋಗೆಲ್ ಮತ್ತು ಸಂಗಡಿಗರು 2005ರಲ್ಲಿ ಮಹತ್ವದ ಪ್ರಯೋಗವೊಂದನ್ನು ಪ್ರಕಟಿಸಿದರು. ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳನ್ನು ಡಾಕ್ಸೊರುಬಿಸಿನ್‌ನಿಂದ ಸಾಯಿಸಿ ಆರೋಗ್ಯವಂತ ಇಲಿಗಳಿಗೆ ಚುಚ್ಚಲಾಯಿತು. ಬಳಿಕ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದಾಗ ಬಹುತೇಕ ಇಲಿಗಳಲ್ಲಿ ಗಡ್ಡೆ ಬೆಳೆಯಲಿಲ್ಲ. ಸತ್ತ ಕೋಶಗಳೇ ಲಸಿಕೆಯಂತೆ ಕೆಲಸ ಮಾಡಿದ್ದವು. ಕ್ಯಾಲ್ರೆಟಿಕ್ಯುಲಿನ್ ಪಾತ್ರವನ್ನು ಇದೇ ತಂಡ 2007ರಲ್ಲಿ ವಿವರಿಸಿತು.

ಎಲ್ಲ ಔಷಧಿಗಳಿಗೂ ಈ ಗುಣವಿಲ್ಲ. ಆಕ್ಸಾಲಿಪ್ಲಾಟಿನ್ ಈ ಬಗೆಯ ಮರಣವನ್ನು ಉಂಟುಮಾಡುತ್ತದೆ. ಅದರ ಸೋದರ ಔಷಧಿ ಸಿಸ್ಪ್ಲಾಟಿನ್ ಕೋಶವನ್ನು ಕೊಂದರೂ ಕ್ಯಾಲ್ರೆಟಿಕ್ಯುಲಿನ್‌ಅನ್ನು ಮೇಲ್ಮೈಗೆ ತರುವುದಿಲ್ಲ. ಆದರೂ ಸಿಸ್ಪ್ಲಾಟಿನ್ ಹಲವು ಕ್ಯಾನ್ಸರುಗಳಿಗೆ ಇಂದಿಗೂ ಅತ್ಯುತ್ತಮ ಮದ್ದು ಎಂಬುದನ್ನು ಮರೆಯಬಾರದು.

ಮನುಷ್ಯರಲ್ಲಿ ಫಲವೇನು?

ಟಿ ಕೋಶಗಳು ಎಚ್ಚರಗೊಂಡರೂ ಗಡ್ಡೆಯು ಅವುಗಳಿಗೆ ತಡೆಯೊಡ್ಡುತ್ತದೆ. ಈ ತಡೆಯನ್ನು ತೆಗೆಯುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಕೋಶಮರಣದಿಂದ ಪಡೆಯನ್ನು ಎಬ್ಬಿಸಿ, ನಂತರ ತಡೆ ತೆಗೆಯುವ ಜೋಡಿ ಚಿಕಿತ್ಸೆಯತ್ತ ಈಗ ಸಂಶೋಧಕರ ಗಮನವಿದೆ. ನೆದರ್ಲೆಂಡ್ಸ್‌ನಲ್ಲಿ ಉಲ್ಬಣಿಸಿದ ಸ್ತನ ಕ್ಯಾನ್ಸರಿನ 67 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಅಲ್ಪಾವಧಿ ಡಾಕ್ಸೊರುಬಿಸಿನ್, ಬಳಿಕ ನಿವೊಲುಮಾಬ್ ಪಡೆದವರಲ್ಲಿ ಶೇ. 35 ಮಂದಿಯ ಗಡ್ಡೆ ಕುಗ್ಗಿತು. ನಿವೊಲುಮಾಬ್ ಮಾತ್ರ ಪಡೆದವರಲ್ಲಿ ಇದು ಶೇ. 17. ಅಧ್ಯಯನ ಚಿಕ್ಕದು, ಅಂತಿಮ ತೀರ್ಪಲ್ಲ.

ನಿವೊಲುಮಾಬ್ ಸಾಮಾನ್ಯ ಕುಟುಂಬಗಳ ಕೈಗೆಟುಕದ ಔಷಧಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಅದರ ಅತ್ಯಲ್ಪ ಪ್ರಮಾಣ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಬಳಸಿ ಪರೀಕ್ಷಿಸಿದರು. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನಲ್ಲಿ ಬಾಯಿಯ ಮೂಲಕ ಕೊಡುವ ಔಷಧಿಗಳ ಜೊತೆಗೆ ಇದನ್ನು ಸೇರಿಸಿದಾಗ, ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತೆಂದು 2022ರಲ್ಲಿ ವರದಿಯಾಯಿತು. ಇದು ಇಮ್ಯುನೊಜೆನಿಕ್ ಮರಣದ ನೇರ ಪರೀಕ್ಷೆಯಲ್ಲ. ಆದರೆ ರಕ್ಷಣಾ ಪಡೆಯನ್ನು ಬಳಸುವ ಚಿಕಿತ್ಸೆ ಬಡವರಿಗೂ ತಲುಪಬಹುದೆಂಬ ಭರವಸೆ ನೀಡಿದೆ.

ರೋಗಿಗಳು ಗಮನಿಸಬೇಕಾದದ್ದು

‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ’ ಎಂದು ಮಾರುವ ಪುಡಿ, ಕಷಾಯಗಳಿಗೂ ಈ ಶೋಧಕ್ಕೂ ಸಂಬಂಧವಿಲ್ಲ. ಅವುಗಳನ್ನು ನಂಬಿ ಕಿಮೊಥೆರಪಿಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಯಾವ ಔಷಧಿ, ಯಾವ ಕ್ರಮ ಎಂಬುದನ್ನು ತಜ್ಞ ವೈದ್ಯರೇ ನಿರ್ಧರಿಸಬೇಕು. ಕಿಮೊಥೆರಪಿಯ ದಿನಗಳಲ್ಲಿ ಬಿಳಿ ರಕ್ತಕಣಗಳು ಇಳಿಯುವುದರಿಂದ ಸೋಂಕಿನ ಅಪಾಯ ಹೆಚ್ಚು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು.